ನಲವತ್ತು ದಿಂಬು, ಒಂದು ಡೊಂಕು ಸೂಜಿ

ದಿಂಬಣ್ಣನಿಗೆ ಶಾಂತಿ ಬೇಕಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ಜನ ಏನೇನೋ ಹೇಳಿದರು. ಅವನಿಗೆ ಬೇಕಾಗಿದ್ದದ್ದು ಒಂದು ಸೂಜಿ, ಅಷ್ಟೇ.

ಗುಂಡಿ ಹಚ್ಚುವ ಸಣ್ಣ ಸೂಜಿಯಲ್ಲ ಸ್ವಾಮಿ. ದಿಂಬು, ಹಾಸಿಗೆ ಹೊಲಿಯುವವರ ಡೊಂಕು ಸೂಜಿ. ನಾಲ್ಕು ಬೆರಳುದ್ದ, ತುದಿ ಬಾಗಿರುತ್ತದೆ. ಹತ್ತಿ ತುಂಬಿದ ಮೇಲೆ ದಿಂಬಿನ ಬಾಯಿ ಮುಚ್ಚುವುದಕ್ಕೆ ಅದೇ ಆಗಬೇಕು. ದಿಂಬಣ್ಣನ ಮಾವನ ಅಂಗಡಿಯ ಗೋಡೆಯ ಮೇಲೆ ಒಂದು ಬೆಂಡಿನ ಹಲಗೆ, ಅದರಲ್ಲಿ ಸಾಲಾಗಿ ಚುಚ್ಚಿಟ್ಟ ಐದು ಸೂಜಿ. ನಾಲ್ಕು ನೆಟ್ಟಗಿನವು, ಒಂದು ಡೊಂಕು. ಸಂಜೆ ಐದನ್ನೂ ಎಣಿಸದೆ ಮಾವ ಬಾಗಿಲು ಎಳೆದವನಲ್ಲ. ನಲವತ್ತು ವರ್ಷ! ಮಗಳ ಮದುವೆಯ ದಿನವೂ ಎಣಿಸಿಯೇ ಬಂದಿದ್ದ ಪುಣ್ಯಾತ್ಮ.

"ದಿಂಬು ಅಂದ್ರೆ ಜನ ನಂಬಿ ತಲೆ ಇಡೋ ಜಾಗ, ನಂಬಿ ಕೂರೋ ಜಾಗ. ಒಳಗೆ ಸೂಜಿ ಇತ್ತಂತೆ ಅಂತ ಒಬ್ಬರ ಬಾಯಲ್ಲಿ ಬಂತೋ, ಅವತ್ತಿಗೆ ಅಂಗಡಿ ಮುಗೀತು" ಎನ್ನುತ್ತಿದ್ದ.

ಅಳಿಯನ ಕೈಗೆ ಮಾತ್ರ ಹನ್ನೊಂದು ವರ್ಷವಾದರೂ ಅಂಗಡಿ ತೆಗೆಯುವ, ಮುಚ್ಚುವ ಅಧಿಕಾರ ಸಿಕ್ಕಿರಲಿಲ್ಲ. ಸಿಗುವುದಾದರೂ ಹೇಗೆ? ದಿಂಬಣ್ಣ ಒಳ್ಳೆಯ ಕೆಲಸಗಾರ, ಹೊಲಿಗೆ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು. ಮರೆವು ಮಾತ್ರ ಹೇಳತೀರದು. ಒಮ್ಮೆ ತನ್ನ ಎಡಗಾಲಿನ ಚಪ್ಪಲಿಯನ್ನೇ ಹಾಸಿಗೆಯೊಳಗೆ ಹೊಲಿದು ಕಳಿಸಿದ್ದ. ಆ ಮನೆಯ ಯಜಮಾನರು ಎರಡು ತಿಂಗಳು ಸೊಂಟನೋವೆಂದು ಡಾಕ್ಟರ ಬಾಗಿಲು ಸವೆಸಿದರು.

ಹೀಗಿರುವಾಗ ಊರಾಚೆಯ ಧ್ಯಾನಕೇಂದ್ರದವರು ಮೂರು ದಿನದ ಶಿಬಿರಕ್ಕೆ ನಲವತ್ತು ಕೂರುವ ದಿಂಬು ಬೇಕೆಂದರು. ಅದೇ ವಾರ ಮಾವ ಇನ್ನೊಬ್ಬ ಮಗಳ ಮನೆಗೆ ಹೋಗಲೇಬೇಕಾಯಿತು. ಹೋಗುವ ಮುಂಚೆ ಅಳಿಯನನ್ನು ಹಲಗೆಯ ಮುಂದೆ ನಿಲ್ಲಿಸಿದ.

"ಭಾನುವಾರ ಬರ್ತೀನಿ. ದಿಂಬು ಹೋಗಿರಬೇಕು, ಸೂಜಿ ಇಲ್ಲಿರಬೇಕು. ಇದ್ರೆ ಇನ್ಮೇಲೆ ಅಂಗಡಿ ನೀನೇ ನಡೆಸು, ನಾನು ಕೇಳಲ್ಲ. ಇಲ್ದಿದ್ರೆ ಕಿರಿ ಅಳಿಯನ್ನ ಕರೆಸ್ತೀನಿ. ಅವನ ಕೈಕೆಳಗೆ ನೀನು ಹತ್ತಿ ಹಿಂಜು."

ಗುರುವಾರ ಸಂಜೆ ನಲವತ್ತು ದಿಂಬು ಗಾಡಿ ಹತ್ತಿ ಹೋದವು. ದಿಂಬಣ್ಣ ಹೆಮ್ಮೆಯಿಂದ ಹಲಗೆಯ ಮುಂದೆ ನಿಂತು ಎಣಿಸಿದ. ನಾಲ್ಕು. ಕಣ್ಣುಜ್ಜಿಕೊಂಡು ಎಣಿಸಿದ. ನಾಲ್ಕು. ಬಲದಿಂದ ಎಡಕ್ಕೆ ಎಣಿಸಿದರೆ ಒಂದು ಹೆಚ್ಚಾಗಬಹುದೇನೋ ಎಂದು ಹಾಗೂ ನೋಡಿದ. ಡೊಂಕು ಸೂಜಿಯ ಜಾಗದಲ್ಲಿ ಒಂದು ಸಣ್ಣ ತೂತು ಅವನನ್ನೇ ನೋಡುತ್ತಿತ್ತು.

ಹೆಂಡತಿ ಬಂದು ಅವನ ಅಂಗಿ ಬಿಚ್ಚಿಸಿ ಕೊಡವಿದಳು, ಹತ್ತಿಯ ರಾಶಿ ಜಾಲಾಡಿದಳು, ಅವನ ಕೂದಲನ್ನೂ ಬಿಡಲಿಲ್ಲ.

"ರೀ, ದಿಂಬೊಳಗೇ ಹೋಗಿದೆ ಕಣ್ರೀ! ಯಾವ ದಿಂಬು?"

"ಗೊತ್ತಿದ್ರೆ ಹೀಗೆ ನಿಂತಿರ್ತಿದ್ನಾ?"

ಅಷ್ಟರಲ್ಲಿ ಮಾವನ ಫೋನು. "ಎಣಿಸಿದ್ಯಾ?"

"ಎಣಿಸಿದೆ ಮಾವ."

"ಹ್ಞೂಂ" ಎಂದು ಮಾವ ಫೋನಿಟ್ಟ. ಸುಳ್ಳಲ್ಲ ನೋಡಿ, ಎಣಿಸಿದ್ದ. ಎಷ್ಟಿದೆ ಎಂದು ಮಾವನೇ ಕೇಳಲಿಲ್ಲ.

ಶುಕ್ರವಾರ ಬೆಳಕು ಹರಿಯುವಾಗಲೇ ದಿಂಬಣ್ಣ ಶಿಬಿರದ ಗೇಟಿನಲ್ಲಿದ್ದ. ಯಾರಿಗೂ ತಿಳಿಯದಂತೆ ಒಳಹೋಗಿ, ನಲವತ್ತನ್ನೂ ಒತ್ತಿ ನೋಡಿ, ಸೂಜಿ ಕಿತ್ತು, ತಿಂಡಿ ಹೊತ್ತಿಗೆ ಮನೆಗೆ ಬರುವುದು ಅವನ ಲೆಕ್ಕಾಚಾರ. ಗೇಟಿನಲ್ಲಿ ಕೂತಿದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸೀಟಿ, ಮುಂದೆ ದಪ್ಪ ಪುಸ್ತಕ.

"ಸಾರ್, ಒಂದೇ ನಿಮಿಷ, ಒಳಗೆ ಏನಿದೆ ಅಂತ ನೋಡ್ಕೊಂಡು..."

"ಇಲ್ಲಿಗೆ ಬರೋರೆಲ್ಲ ಒಳಗೆ ಏನಿದೆ ಅಂತ ನೋಡೋಕೇ ಬರೋದು! ಸೈನ್ ಮಾಡಿ!" ಮೇಷ್ಟ್ರು ಪೆನ್ನು ಚಾಚಿದರು. ಅವನು ಸೈನ್ ಮಾಡಿದ ಕೂಡಲೇ ಪೆನ್ನು ಕಿತ್ತುಕೊಂಡರು, ಫೋನು ಕಿತ್ತುಕೊಂಡು ಡಬ್ಬಿಗೆ ಹಾಕಿದರು. "ಈ ಕ್ಷಣದಿಂದ ಮೌನ. ಭಾನುವಾರ ಮಧ್ಯಾಹ್ನದ ತನಕ ಮಾತಿಲ್ಲ, ಬರೆಯೋದಿಲ್ಲ, ಆಚೆ ಹೋಗೋದಂತೂ ಇಲ್ಲವೇ ಇಲ್ಲ."

"ಅಯ್ಯೋ ಸಾರ್, ನಾನು—"

ಪೀಈಈ! ಸೀಟಿ ಊದಿದರು.

ಧ್ಯಾನದ ಹಾಲಿನಲ್ಲಿ ದಿಂಬಣ್ಣ ನಲವತ್ತೊಂದನೆಯವನು. ನಲವತ್ತು ಜನರಿಗೆ ನಲವತ್ತು ದಿಂಬು. ಹೊಲಿದವನಿಗೆ ಬರಿ ನೆಲ. ಎದುರಿನ ಜಗುಲಿಯ ಮೇಲೆ ಧ್ಯಾನದ ಟೀಚರಮ್ಮ ಕೂತಿದ್ದರು. ಮಾತಾಡುವ ಹಕ್ಕು ಅವರೊಬ್ಬರಿಗೇ, ಅದನ್ನು ಅವರು ಚೆನ್ನಾಗಿಯೇ ಬಳಸುತ್ತಿದ್ದರು.

"ನಿಮ್ಮ ಬೆನ್ನುಹುರಿಯ ಬುಡದಲ್ಲಿ, ಮೂಲಾಧಾರದಲ್ಲಿ, ಒಂದು ಶಕ್ತಿ ಮಲಗಿದೆ! ಯಾವ ಕ್ಷಣದಲ್ಲಾದ್ರೂ ಚುಚ್ಚಿದ ಹಾಗೆ ಏಳಬಹುದು! ಚಕ್ರದಿಂದ ಚಕ್ರಕ್ಕೆ ಹತ್ತಿ ನೆತ್ತಿಗೆ ಮುಟ್ಟಬಹುದು! ತಯಾರಾಗಿರಿ!"

ದಿಂಬಣ್ಣ ಕಣ್ಣುಮುಚ್ಚಿ, ಹಾಗೆ ಮಾತ್ರ ಏಳದಿರಲಿ ತಾಯಿ ಎಂದು ಮನಸ್ಸಿನಲ್ಲೇ ಕೈಮುಗಿದ. ಒಂದು ರೆಪ್ಪೆ ಸರಿಸಿ ನೋಡಿದರೆ, ಮೂರನೆಯ ಸಾಲಿನಲ್ಲಿ ತೂಕದ ಸಾಹೇಬರು! ಅಳತೆ-ತೂಕದ ಇಲಾಖೆಯವರು. ಅವರು ಬೀದಿಗೆ ಕಾಲಿಟ್ಟರೆ ಅಂಗಡಿಯವರು ತಕ್ಕಡಿ ಒರೆಸುವುದಕ್ಕೆ ಓಡುತ್ತಾರೆ. ದಿಂಬಿನೊಳಗಿನ ಸೂಜಿ ಇವರಿಗೆ ಸಿಕ್ಕರೆ ಅಂಗಡಿಗೆ ಬೀಗ ಹಾಕಿ ಬೀಗದ ತೂಕವನ್ನೂ ಬರೆದುಕೊಳ್ಳುವ ಆಸಾಮಿ.

ಹತ್ತು ಗಂಟೆಗೆ ಎಲ್ಲರನ್ನೂ ತೋಟದಲ್ಲಿ ನಡೆದಾಡಿಸಲು ಕರೆದೊಯ್ದರು. ದಿಂಬಣ್ಣ ಒಂದು ಕಂಬದ ಹಿಂದೆ ಸರಿದು, ಸುತ್ತಿ ಬಂದು ಹಾಲ್ ಸೇರಿದ. ದಿಂಬು ಹೊಲಿಯುವವರ ಅಂಗೈ ಜಡ್ಡುಗಟ್ಟಿರುತ್ತದೆ, ಆಳದಲ್ಲಿರುವ ಸೂಜಿ ಅದಕ್ಕೆ ತಿಳಿಯುವುದಿಲ್ಲ. ಹಣೆಯ ಚರ್ಮ ತೆಳು, ಅದಕ್ಕೆ ತಿಳಿಯುತ್ತದೆ. ಮಾವ ಕಲಿಸಿದ ವಿದ್ಯೆ. ಮೊಣಕಾಲೂರಿ ಮೊದಲ ದಿಂಬಿಗೆ ಹಣೆ ಒತ್ತಿದ, ಮೆಲ್ಲನೆ ಹೊರಳಿಸಿದ. ಇಲ್ಲ. ಎರಡನೆಯದು. ಇಲ್ಲ. ಮೂರನೆಯದು. ಹೀಗೆ ಹದಿನೇಳು ದಿಂಬು ಮುಗಿದು ತಲೆಯೆತ್ತಿದರೆ ಬಾಗಿಲ ತುಂಬ ಜನ!

ನಲವತ್ತು ಜನ, ಮೇಷ್ಟ್ರು, ಟೀಚರಮ್ಮ. ಬ್ಯಾಂಕಿನ ಕ್ಯಾಷಿಯರಮ್ಮನ ಕಣ್ಣಲ್ಲಿ ಆಗಲೇ ನೀರು.

"ನೋಡಿ!" ಎಂದರು ಟೀಚರಮ್ಮ, ದನಿ ನಡುಗುತ್ತಿತ್ತು. "ಕೂರೋಕೆ ಆಸನ ಸಿಗಲಿಲ್ಲ ಅಂತ ಒಂದು ಮಾತಾಡ್ಲಿಲ್ಲ! ನೀವು ಕೂತೆದ್ದ ಜಾಗಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡ್ತಾ ಇದ್ದಾರೆ, ಒಬ್ಬೊಬ್ಬರದೂ! ಅಹಂಕಾರ ಕರಗೋದು ಅಂದ್ರೆ ಇದು!"

ಮಾತಾಡಲಿಲ್ಲವಂತೆ! ಮಾತಾಡಲು ಬಿಟ್ಟವರು ಯಾರು ಸ್ವಾಮಿ? ದಿಂಬಣ್ಣ ಅಲ್ಲ ಅಲ್ಲವೆಂದು ಎರಡೂ ಕೈ ಆಡಿಸಿದ. "ಹೊಗಳಿಕೆಯೂ ಬೇಡವಂತೆ!" ಎಂದು ಟೀಚರಮ್ಮ ಎದೆ ಮುಟ್ಟಿಕೊಂಡರು.

ಅಲ್ಲಿಗೆ ಕೆಟ್ಟಿತು. ನಲವತ್ತು ಜನರೂ ಒಬ್ಬರ ದಿಂಬಿಗೆ ಇನ್ನೊಬ್ಬರು ಹಣೆ ಹಚ್ಚಲು ನುಗ್ಗಿದರು. ತಲೆಗೆ ತಲೆ ಡಿಕ್ಕಿ ಹೊಡೆಯಿತು, ದಿಂಬುಗಳು ಹಾಲಿನ ತುಂಬ ಉರುಳಾಡಿದವು. ಎಲ್ಲ ತಣ್ಣಗಾಗುವಾಗ, ನೋಡಿ ಮುಗಿದ ಹದಿನೇಳು ಯಾವವು, ಉಳಿದ ಇಪ್ಪತ್ತಮೂರು ಯಾವವು ಎಂದು ಹೊಲಿದವನಿಗೂ ತಿಳಿಯಲಿಲ್ಲ. ಸಾಲದ್ದಕ್ಕೆ ಟೀಚರಮ್ಮ ಅವನನ್ನು ಜಗುಲಿಯ ಪಕ್ಕಕ್ಕೆ, ಎಲ್ಲರಿಗೂ ಕಾಣುವಂತೆ ಕೂರಿಸಿದರು. ಅಲ್ಲಿಂದ ಮಿಸುಕಾಡುವಂತಿರಲಿಲ್ಲ.

ಸಂಜೆ ಆರು ಗಂಟೆ. ಸೊಳ್ಳೆ ಹಾರಿದರೂ ಕೇಳುವಷ್ಟು ಮೌನ. ಒಮ್ಮೆಲೇ—

"ಹಾಽಽ!"

ತೂಕದ ಸಾಹೇಬರು ಕೂತಲ್ಲಿಂದ ಒಂದು ಮೊಳ ಮೇಲಕ್ಕೆ ನೆಗೆದರು! ನಿಂತುಕೊಂಡೇ ನಡುಗುತ್ತಿದ್ದರು, ಕಣ್ಣಲ್ಲಿ ನೀರು. ದಿಂಬಣ್ಣನ ಜೀವ ಹಾರಿತು, ಜೊತೆಗೆ ಸಂತೋಷವೂ ಆಯಿತು: ಸಿಕ್ಕಿತು! ಅದೇ ದಿಂಬು!

ಸಾಹೇಬರು ಕೆಳಗೆ ಬೆರಳು ತೋರಿಸಿದರು, ಆಮೇಲೆ ಬೆರಳನ್ನು ಸರ್ರನೆ ಬೆನ್ನ ಮೇಲಕ್ಕೆ ಎಳೆದು ತೋರಿಸಿದರು.

"ಮೂಲಾಧಾರ!" ಟೀಚರಮ್ಮ ಎದ್ದೇ ನಿಂತರು. "ಮೂಲಾಧಾರದಿಂದ ಮೇಲಕ್ಕೆ ಬಂತು!"

ಸಾಹೇಬರು ಇಲ್ಲವೆಂದು ಜೋರಾಗಿ ತಲೆಯಾಡಿಸಿದರು.

"ಬೇಡ ಅನ್ನಬೇಡಿ ಸಾಹೇಬ್ರೇ! ತಡೀಬೇಡಿ! ಬರಲಿ ಬಿಡಿ!"

ಸಾಹೇಬರು ಬಾಯಿ ತೆರೆದರು. ಪೀಈಈ! ಮೇಷ್ಟ್ರ ಸೀಟಿ. ಇನ್ನೊಮ್ಮೆ ತೆರೆದರು. ಪೀಈಈ! ಇಡೀ ಇಲಾಖೆಯನ್ನು ನಡುಗಿಸಿದ ಮನುಷ್ಯ ಬಾಯಿ ಮುಚ್ಚಿಕೊಂಡು, ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ತಮ್ಮ ಕೋಣೆಗೆ ನಡೆದುಬಿಟ್ಟರು.

ಆಮೇಲೆ ಆ ದಿಂಬು ಅವರ ಕೈ ಬಿಡಲಿಲ್ಲ. ಊಟಕ್ಕೆ ಬಂದರೆ ತೊಡೆಯ ಮೇಲೆ ದಿಂಬು, ಕೈತೊಳೆಯಲು ಹೋದರೆ ಕಂಕುಳಲ್ಲಿ ದಿಂಬು. ದಿಂಬಣ್ಣ ಪಕ್ಕದಲ್ಲೇ ಕೂತು, ಅನ್ನ ಕಲಸುತ್ತ ಕಲಸುತ್ತ ಎಡಗೈಯನ್ನು ಮೆಲ್ಲನೆ ದಿಂಬಿನತ್ತ ಸರಿಸಿದ. ಪಟ್! ಸಾಹೇಬರು ಕೈಮೇಲೆ ಹೊಡೆದರು. ನೋಡಿದವರು, ದೊಡ್ಡವರ ಆಶೀರ್ವಾದ ಎಂದು ತಲೆದೂಗಿದರು.

ಶನಿವಾರ ಬೆಳಗ್ಗೆ ಸಾಹೇಬರು ಅದೇ ದಿಂಬಿನ ಮೇಲೆ ಕೂತರು! ದಿಂಬಣ್ಣ ಉಸಿರು ಬಿಗಿಹಿಡಿದ. ಈಗ ಚುಚ್ಚಿತು, ಈಗ ಚುಚ್ಚಿತು... ಅವರು ಕಂಬದಂತೆ ನೆಟ್ಟಗೆ ಕೂತಿದ್ದರು. ಒಂದು ಗಂಟೆ. ಎದ್ದಾಗ ಮುಖದಲ್ಲಿ ಏನೋ ಒಂದು ತಿಳಿ. ಮತ್ತೆ ಮಧ್ಯಾಹ್ನ ಕೂತರು, ಮತ್ತೆ ಅದೇ ತಿಳಿ. ನಾಲ್ಕು ಬೆರಳುದ್ದದ ಸೂಜಿಯ ಮೇಲೆ ಕೂತು ಹೀಗೆ ಮುಗುಳ್ನಗುವವರು ಮನುಷ್ಯರೇ ಅಲ್ಲ ಎಂದು ದಿಂಬಣ್ಣನಿಗೆ ಮೊದಲ ಸಲ ಭಕ್ತಿ ಹುಟ್ಟಿತು.

ಉಳಿದವರು ಸುಮ್ಮನಿರುತ್ತಾರೆಯೇ? ಸಾಹೇಬರಿಗಾದದ್ದು ತಮಗಾಗದಿದ್ದರೆ ಮರ್ಯಾದೆ ಏನುಳಿಯಿತು? ಹನ್ನೊಂದು ಗಂಟೆಗೆ ಕ್ಯಾಷಿಯರಮ್ಮ "ಹಾಽ!" ಎಂದು ನೆಗೆದು ಎದೆ ಹಿಡಿದುಕೊಂಡರು. "ಅನಾಹತ!" ಎಂದರು ಟೀಚರಮ್ಮ. ಹಿಂದೆಯೇ ಒಬ್ಬ ವಕೀಲರು ನೆಗೆದು ಗಂಟಲು ತೋರಿಸಿದರು. "ವಿಶುದ್ಧ!" ಹಲ್ಲಿನ ಡಾಕ್ಟರು ನೆಗೆದು ಹುಬ್ಬಿನ ನಡುವೆ ಬೆರಳಿಟ್ಟರು. ಎಮ್ಮೆಯಂತೆ ಮೌನವಾಗಿದ್ದ ಗುತ್ತಿಗೆದಾರರು ನೆಗೆದ ರಭಸಕ್ಕೆ ಕಿಟಕಿಯ ಗಾಜು ಅದುರಿತು. ಸಂಜೆಯೊಳಗೆ ಸಾಹೇಬರಲ್ಲದೆ ಹನ್ನೊಂದು ಜನ!

ಪ್ರತಿ ನೆಗೆತಕ್ಕೂ ದಿಂಬಣ್ಣನ ಬೆವರು ಕಿತ್ತುಬರುತ್ತಿತ್ತು. ಕಳೆದದ್ದು ಒಂದೇ ಸೂಜಿಯಲ್ಲವೇ? ಅಥವಾ ಹಲಗೆಯಲ್ಲಿ ಇದ್ದದ್ದೇ ಹದಿನಾರೋ? ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದ. ಅವನ ಬೆರಳು ಮಡಚುವುದನ್ನು ನೋಡಿ ಹಿಂದಿನ ಸಾಲಿನವರೆಲ್ಲ ಅದೊಂದು ಹೊಸ ಮುದ್ರೆಯೆಂದು ತಾವೂ ಮಡಚತೊಡಗಿದರು.

ಭಾನುವಾರ ಮಧ್ಯಾಹ್ನ ಮೌನ ಬಿಡುವ ಹೊತ್ತು. ಮನೆಯವರಿಗೆಲ್ಲ ಒಳಗೆ ಬರಲು ಅವಕಾಶ. ಹಾಲ್ ತುಂಬಿತು. ಮುಂದಿನ ಬಾಗಿಲಿನಲ್ಲಿ ಹೆಂಡತಿ ಕಂಡಳು, ಅವಳ ಮುಖ ಬಿಳಚಿಕೊಂಡಿತ್ತು. ಅವಳ ಹಿಂದೆ ಮಾವ.

ಬೆಳಗಿನ ಬಸ್ಸಿಗೇ ಬಂದು, ಮನೆಗೂ ಹೋಗದೆ ಅಂಗಡಿಗೆ ಹೋಗಿ ಎಣಿಸಿ ಬಂದಿದ್ದ. ನೇರವಾಗಿ ಅಳಿಯನ ಪಕ್ಕ ಬಂದು ನಿಂತ. ಸಿಟ್ಟು ಬಂದರೆ ಮಾತ್ರ ಅವನ ಬಾಯಲ್ಲಿ ಬಹುವಚನ ಬರುತ್ತಿತ್ತು.

"ಅಳಿಯಂದ್ರೇ. ಡೊಂಕು ಸೂಜಿ ಎಲ್ಲಿದೆ?"

ದಿಂಬಣ್ಣನ ಕಣ್ಣು ತಾನಾಗಿಯೇ ಜಗುಲಿಯ ಮೇಲೆ ಹೋಯಿತು. ಅಲ್ಲಿ ಸಾಹೇಬರ ದಿಂಬನ್ನು ಎತ್ತರದ ಪೀಠದ ಮೇಲೆ ಇಟ್ಟಿದ್ದರು. ಮಾವ ದಿಂಬನ್ನು ನೋಡಿದ, ಅಳಿಯನನ್ನು ನೋಡಿದ, ಮತ್ತೆ ದಿಂಬನ್ನು ನೋಡಿದ. ಮುಖ ಸುಟ್ಟ ಬದನೆಕಾಯಿಯಾಯಿತು.

"ಅದರೊಳಗಾ?"

"ಹೂಂ, ಮಾವ."

"ಜನ ಅದರ ಮೇಲೆ ಕೂತಿದ್ರಾ?"

"ತೂಕದ ಸಾಹೇಬ್ರು, ಮಾವ. ಮೂರು ದಿನದಿಂದ."

ಮಾವ ಅಲ್ಲೇ ಇದ್ದ ಕಂಬವನ್ನು ಹಿಡಿದುಕೊಂಡ.

ಸಾಹೇಬರು ಮೈಕಿನ ಮುಂದೆ ಬಂದರು. "ನಿಜ ಹೇಳಿಬಿಡ್ತೀನಿ. ಶುಕ್ರವಾರ ಸಂಜೆ ನಾನು ನೆಗೆದಿದ್ದು ಯಾಕೆ ಅಂದ್ರೆ—" ಅಷ್ಟಕ್ಕೇ ಚಪ್ಪಾಳೆ! ಮುಂದಿನ ಮಾತು ಯಾರಿಗೂ ಕೇಳಲಿಲ್ಲ. ಟೀಚರಮ್ಮ ಮೈಕು ತೆಗೆದುಕೊಂಡರು.

"ಮಾತಿಗೆ ಸಿಗದ ಅನುಭವ! ಹೇಳೋಕೆ ಹೋಗಬೇಡಿ! ಇಷ್ಟೆಲ್ಲ ಆಗಿದ್ದು ಈ ದಿಂಬುಗಳ ಮೇಲೆ. ನಮ್ಮ ಎಲ್ಲಾ ಕೇಂದ್ರಗಳಿಗೂ ಇನ್ನೂರು ದಿಂಬು ಬೇಕು, ಇದೇ ಕೈಯಿಂದ, ಒಳಗೆ ಇರೋದೆಲ್ಲ ಹೀಗೇ ಇರಬೇಕು! ಅಂಗಡಿಯ ಹಿರಿಯರೂ ಬಂದಿದ್ದಾರೆ ಅಂತ ಕೇಳಿದೆ. ಬನ್ನಿ ಯಜಮಾನ್ರೇ, ನೀವೂ ಒಂದು ಸಲ ಇದರ ಮೇಲೆ ಕೂತು ಅನುಗ್ರಹಿಸಿ!"

ಮಾವ ಹಿಂದಕ್ಕೆ ಸರಿದ. ಮೇಷ್ಟ್ರು ಮುಂದಕ್ಕೆ ತಳ್ಳಿದರು. ದಿಂಬು ಕೈಗೆ ಸಿಕ್ಕಿದರೆ ಎತ್ತಿಕೊಂಡು ಓಡಿಬಿಡೋಣವೆಂದು ಮಾವ ಕೈಚಾಚಿದರೆ ಕ್ಯಾಷಿಯರಮ್ಮ ಆ ಕೈಯನ್ನೇ ಹಿಡಿದು ಕೂರಿಸಲು ಬಂದರು. ಕೂರುವುದಿಲ್ಲ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಏನು ಹೇಳುವುದು? ನಲವತ್ತು ವರ್ಷದ ಹೆಸರು! ಮಾವ ಹಲ್ಲು ಕಚ್ಚಿದ. ಮೊಣಕಾಲು ಬಗ್ಗಿಸಿದ. ಒಂದಂಗುಲ, ಇನ್ನೊಂದಂಗುಲ. ಹಣೆಯಿಂದ ಬೆವರು ಮೂಗಿನ ತುದಿಗೆ ಬಂದು ನಿಂತಿತು. ಕೂತ.

"ಅಯ್ಯಯ್ಯಪ್ಪಾ!"

ಸಾಹೇಬರು ನೆಗೆದದ್ದು ಒಂದು ಮೊಳವಾದರೆ ಮಾವ ನೆಗೆದದ್ದು ಎರಡು ಮೊಳ! ಹಾಲ್ ಹಾರಿಹೋಗುವಂಥ ಚಪ್ಪಾಳೆ. ವಕೀಲರು ತಬ್ಬಿಕೊಂಡರು, ಕ್ಯಾಷಿಯರಮ್ಮ ಅತ್ತರು.

"ಎಲ್ಲಿವರೆಗೂ ಬಂತು ಯಜಮಾನ್ರೇ? ಹೇಳಿ, ಎಲ್ಲಿವರೆಗೂ ಬಂತು?"

ಮಾವ ಎರಡೂ ಕೈಯಿಂದ ಹಿಂಭಾಗ ಹಿಡಿದುಕೊಂಡು ನಿಂತಿದ್ದ. ಜೀವಮಾನದಲ್ಲಿ ಸುಳ್ಳು ಹೇಳದ ಮನುಷ್ಯ ನೋವು ನುಂಗಿಕೊಂಡು, ತುಟಿ ಅಗಲಿಸಿ, "ಬಂತು... ಚೆನ್ನಾಗೇ ಬಂತು" ಎಂದ.

ಇಷ್ಟು ಹೊತ್ತು ಎಲ್ಲವನ್ನೂ ತಡೆದುಕೊಂಡಿದ್ದ ದಿಂಬಣ್ಣನಿಗೆ ಇದನ್ನು ಮಾತ್ರ ತಡೆಯಲಾಗಲಿಲ್ಲ. ತನ್ನ ಮರೆವಿಗೆ ಮಾವ ಸುಳ್ಳು ಹೇಳುವುದೇ? ಮುದುಕ ಎಷ್ಟೇ ಬೈದಿರಲಿ, ಕೈ ಹಿಡಿದು ಕಸುಬು ಕಲಿಸಿದವನು. ಜಗುಲಿ ಹತ್ತಿ ಮೈಕು ಕಿತ್ತುಕೊಂಡ.

"ಸೂಜಿ! ಅದು ಸೂಜಿ! ಶಕ್ತಿನೂ ಅಲ್ಲ, ಚಕ್ರನೂ ಅಲ್ಲ! ಡೊಂಕು ಸೂಜಿ, ನಾಲ್ಕು ಬೆರಳುದ್ದ! ನಾನೇ ಮರೆತು ಒಳಗೆ ಹೊಲಿದುಬಿಟ್ಟೆ! ನಾನು ನಮಸ್ಕಾರ ಮಾಡಿದ್ದಲ್ಲ, ಸೂಜಿ ಹುಡುಕಿದ್ದು! ನಮ್ಮ ಮಾವಂದು ಏನೂ ತಪ್ಪಿಲ್ಲ, ಅವರು ಊರಲ್ಲೇ ಇರಲಿಲ್ಲ. ಸಾಹೇಬ್ರೇ, ಬೀಗ ಹಾಕೋದಾದ್ರೆ ನನ್ನ ಬಾಯಿಗೆ ಹಾಕಿ, ಅಂಗಡಿಗೆ ಹಾಕಬೇಡಿ!"

ನೆಗೆದಿದ್ದ ಹನ್ನೊಂದು ಜನ ತಮ್ಮ ತಮ್ಮ ಕಾಲ್ಬೆರಳು ನೋಡತೊಡಗಿದರು.

ತೂಕದ ಸಾಹೇಬರು ಜೇಬಿನಿಂದ ಕನ್ನಡಕದ ಪೆಟ್ಟಿಗೆ ತೆಗೆದರು. ತೆರೆದು, ಎರಡು ಬೆರಳಲ್ಲಿ ಒಂದು ಡೊಂಕು ಸೂಜಿಯನ್ನು ಎತ್ತಿ ಹಿಡಿದರು.

"ಇದೇನಾ?"

"ಅದೇ! ಅದೇ ಸಾಹೇಬ್ರೇ!"

"ಶುಕ್ರವಾರ ಸಂಜೆಯೇ ತುದಿ ಹಿಡಿದು ಎಳೆದು ತೆಗೆದಿಟ್ಟೆ. ಇಪ್ಪತ್ತೆಂಟು ವರ್ಷ ಕಳ್ಳ ತಕ್ಕಡಿ ಹಿಡಿದವನು ಕಣಯ್ಯಾ ನಾನು. ನನಗೆ ಚುಚ್ಚಿದ್ದು ಏನು ಅಂತ ಹುಡುಕಿ ನೋಡದೆ ಬಿಡ್ತೀನಾ? ಹೇಳೋಣ ಅಂದ್ರೆ ಬಾಯಿ ತೆಗೆದ್ರೆ ಇವರು ಸೀಟಿ ಊದ್ತಾರೆ, ಮೈಕು ಹಿಡಿದ್ರೆ ನೀವು ಚಪ್ಪಾಳೆ ತಟ್ತೀರಿ!" ಮೇಷ್ಟ್ರು ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟರು. ಸಾಹೇಬರ ದನಿ ಸ್ವಲ್ಪ ಇಳಿಯಿತು. "ಶನಿವಾರ ಬೆಳಗ್ಗೆ ಕೂತಾಗ ಇನ್ನೊಂದು ಇದ್ರೆ ಅಂತ ಭಯ. ಬೇರೆಯವರಿಗೆ ಚುಚ್ಚೋದು ಬೇಡ ಅಂತ ದಿಂಬೂ ಬಿಡಲಿಲ್ಲ. ಅಲುಗಾಡದೆ, ಉಸಿರನ್ನೂ ನೋಡಿ ನೋಡಿ ಎಳೆದೆ. ಎದ್ದಾಗ ಗೊತ್ತಾಯ್ತು, ಒಂದು ಗಂಟೆ ಆಫೀಸು ನೆನಪಾಗಿಲ್ಲ. ನನ್ನ ಬಡ್ತಿ ತಪ್ಪಿಸಿದವನ ಮುಖ ನೆನಪಾಗಿಲ್ಲ. ಹತ್ತೊಂಬತ್ತು ವರ್ಷದಿಂದ ಇಂಥ ಶಿಬಿರಗಳಿಗೆ ಬರ್ತಾ ಇದ್ದೀನಿ, ಕೂತ ಜಾಗದಲ್ಲೇ ಪೂರ್ತಿ ಕೂತಿದ್ದು ಇದೇ ಮೊದಲು. ಬೀಗ ಯಾಕಯ್ಯಾ ಹಾಕ್ಲಿ?"

ಟೀಚರಮ್ಮ ಗಂಟಲು ಸರಿಮಾಡಿಕೊಂಡು, ಇನ್ನೂರು ದಿಂಬಿನ ಮಾತು ಮಾತೇ, ಆದರೆ ಒಳಗೆ ಬರಿ ಹತ್ತಿ ಸಾಕು ಎಂದರು. ಎಲ್ಲರೂ ನಕ್ಕರು. ಮಾವ ಮಾತ್ರ ನಗಲಿಲ್ಲ. ಅವನು ಸಾಹೇಬರ ಕೈಯಲ್ಲಿದ್ದ ಸೂಜಿಯನ್ನೇ ದಿಟ್ಟಿಸುತ್ತಿದ್ದ.

"ಅಲ್ಲ ಸಾಹೇಬ್ರೇ, ಸೂಜಿ ಶುಕ್ರವಾರದಿಂದ ನಿಮ್ಮ ಪೆಟ್ಟಿಗೇಲಿದ್ರೆ... ಈಗ ನನಗೆ ಚುಚ್ಚಿದ್ದೇನು?"

ಎಲ್ಲರೂ ಟೀಚರಮ್ಮನ ಕಡೆ ನೋಡಿದರು. ಟೀಚರಮ್ಮ ದಿಂಬಿನ ಕಡೆ ನೋಡಿದರು.

ಮಾವ ದಿಂಬನ್ನು ಎತ್ತಿ ಎರಡೂ ಅಂಗೈಯಲ್ಲಿ ಒತ್ತಿದ. ಹಣೆ ಒತ್ತಿ ನೋಡಿದ, ಕೆನ್ನೆ ಒತ್ತಿ ನೋಡಿದ. ಹತ್ತಿ, ಬರಿ ಹತ್ತಿ. ಅಳಿಯ ಹಾಕಿದ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ದಿಂಬನ್ನು ನೆಲಕ್ಕೆ ಹಾಕಿ, ಈ ಸಲ ನಿಧಾನವಾಗಿ, ಹೆದರದೆ ಕೂತ. ಕಣ್ಣುಮುಚ್ಚಿದ. ಏನೂ ಆಗಲಿಲ್ಲ. ಆ ಮುಖದ ಮೇಲಿದ್ದ ನಲವತ್ತು ವರ್ಷದ ಗಂಟು ಮಾತ್ರ ಒಂದೊಂದೇ ಬಿಡುತ್ತ ಬಂತು.

"ಮಾವ?" ಎಂದ ದಿಂಬಣ್ಣ ಮೆಲ್ಲನೆ.

"ಏನು ನಿಂತು ನೋಡ್ತಾ ಇದ್ದೀಯ? ಹೋಗಿ ಅಂಗಡಿ ತೆಗಿ. ಇನ್ನೂರು ದಿಂಬಿದೆ. ನಾನು ಆಮೇಲೆ ಬರ್ತೀನಿ."

"ಸಂಜೆ ಸೂಜಿ ಎಣಿಸೋಕೆ ಬರ್ತೀರಲ್ಲ?"

"ನೀನೇ ಎಣಿಸ್ಕೋ."

ದಿಂಬಣ್ಣನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂರು ಮೆಟ್ಟಿಲು ಒಂದೇ ಸಲ ಹಾರಿ, ಬಾಗಿಲು ದಾಟಿ, ಗೇಟು ದಾಟಿ ಓಡಿದ. ಹೆಂಡತಿ ಸಾಹೇಬರ ಕೈಯಿಂದ ಸೂಜಿ ಇಸಿದುಕೊಂಡು ಅವನ ಹಿಂದೆಯೇ ಓಡಿದಳು. "ರೀ! ಸೂಜಿ ಇಲ್ಲೇ ಬಿಟ್ಟು ಹೋದ್ರಲ್ರೀ! ರೀ!"

ಮಾವನಿಗೆ ಅದು ಕೇಳಿಸಿತು. ಆದರೂ ಕಣ್ಣು ತೆರೆಯಲಿಲ್ಲ.